ಕೊಡದ ಬೆರಳು

ಬೆರಳು ಬೇಕಂತೆ. ನಾನು ಬೇಡವಂತೆ.

ಪಟೇಲ ಮುನಿವೆಂಕಟಪ್ಪನ ತಂಗಿ ನರಸಮ್ಮ ಬಂದು ಇದನ್ನು ಹೇಳಿದಾಗ ನಾನು ಹೊಸಕೋಟೆಯ ಆಚೆ ಮದ್ರಾಸು ರಸ್ತೆಯ ಪಕ್ಕದಲ್ಲಿ ಜಲ್ಲಿ ಒಡೆಯುತ್ತಿದ್ದೆ. ಯುದ್ಧದ ಕಾಲ. ಮಿಲಿಟರಿ ಲಾರಿಗಳು ಒಂದೇ ಸಮನೆ ಓಡಾಡಿ ರಸ್ತೆ ಕಿತ್ತುಹೋಗುತ್ತಿತ್ತು. ಅವು ಕಿತ್ತದ್ದನ್ನು ನಾವು ಹೆಂಗಸರು ತುಂಬಬೇಕು. ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಸುತ್ತಿಗೆ ಹಾಕಬೇಕು. ಕಲ್ಲಿನ ಚೂರು ಕಣ್ಣಿಗೆ ಸಿಡಿಯುತ್ತದೆ. ಅಂಗೈಯಲ್ಲಿ ಮೊದಲು ಬೊಬ್ಬೆ ಬರುತ್ತದೆ, ಆಮೇಲೆ ರಕ್ತ ಬರುತ್ತದೆ, ಆಮೇಲೆ ಏನೂ ಬರುವುದಿಲ್ಲ. ನನ್ನ ಅಂಗೈ ಆ ಕೊನೆಯ ಹಂತಕ್ಕೆ ಬಂದು ಬಹಳ ಕಾಲವಾಗಿತ್ತು.

ನರಸಮ್ಮ ಹತ್ತಿರ ಬರಲಿಲ್ಲ. ಧೂಳಿಗೆ ಸೆರಗು ಅಡ್ಡ ಹಿಡಿದು ದೂರದಲ್ಲೇ ನಿಂತಳು.

"ಮಾರಕ್ಕಾ, ಮಗೀಗೆ ಕಿವಿ ಚುಚ್ಚಿಸ್ಬೇಕು ಅಂತವ್ನೆ ನಮ್ಮಣ್ಣ. ಬೆರಳು ಕೊಡೋರಿಲ್ಲ. ನೀನು ಬಂದು ಕೊಟ್ಟು ಹೋಗ್ಬೇಕಂತೆ."

"ಕೊಟ್ಟು ಹೋಗ್ಬೇಕಾ? ಕೊಟ್ಟು ಇರೋ ಹಂಗಿಲ್ವಾ?"

ಅವಳು ಮುಖ ಆಚೆ ತಿರುಗಿಸಿಕೊಂಡಳು. ಸುತ್ತಿಗೆಯನ್ನು ಅವಳ ಕಡೆ ಎಸೆಯುವಷ್ಟು ಸಿಟ್ಟು ಬಂದಿತ್ತು. ಎಸೆಯಲಿಲ್ಲ. ಪಾಪ, ಅವಳು ಹೇಳಿ ಕಳಿಸಿದ್ದನ್ನು ಹೇಳಲು ಬಂದವಳು.

ನಮ್ಮದು ಬೆರಳು ಕೊಡುವ ಒಕ್ಕಲು. ಮೊದಲ ಮಗುವಿನ ಕಿವಿ ಚುಚ್ಚುವ ಮುಂಚೆ ಹೆತ್ತವಳು ಬಂಡಿಯಲ್ಲಿ ಕೂರಿಸಿದ ದೇವರ ಮುಂದೆ ಕೂತು ಬಲಗೈಯ ಉಂಗುರ ಬೆರಳು, ಕಿರುಬೆರಳು ಕೊಡಬೇಕು. ಹಿಂದೆ ಮಣೆಯ ಮೇಲೆ ಇಟ್ಟು ನಿಜವಾಗಿಯೂ ಉಳಿಯಿಂದ ಕತ್ತರಿಸುತ್ತಿದ್ದರು. ಸರ್ಕಾರ ಅದನ್ನು ನಿಲ್ಲಿಸಿತು. ಈಗ ಆ ಎರಡು ಬೆರಳಿಗೂ ಚಿನ್ನದ ತಂತಿ ಸುತ್ತುತ್ತಾರೆ. ಆಚಾರಿ ಉಳಿ ಮುಟ್ಟಿಸಿ ತಂತಿಯನ್ನು ಎಳೆದುಕೊಳ್ಳುತ್ತಾನೆ. ಪೂಜಾರಿ "ಕೊಟ್ಟೆಯೇನವ್ವಾ?" ಎಂದು ಕೇಳುತ್ತಾನೆ. "ಕೊಟ್ಟೆ" ಎನ್ನಬೇಕು. ಎಂದರೆ ಮುಗಿಯಿತು, ಮಗುವಿನ ಕಿವಿಗೆ ಸೂಜಿ ಹಾಕಬಹುದು. ಹೆತ್ತವಳು ಇಲ್ಲದಿದ್ದರೆ ಹೆತ್ತವಳನ್ನು ಹೆತ್ತವಳು ಕೊಡಬೇಕು. ಮಲತಾಯಿ ಕೊಟ್ಟರೆ ಸಲ್ಲುವುದಿಲ್ಲ. ಅಪ್ಪನ ಕಡೆಯವರು ಕೊಟ್ಟರೂ ಸಲ್ಲುವುದಿಲ್ಲ.

ಹೆತ್ತವಳು ನನ್ನ ಮಗಳು ಗಂಗಲಕ್ಷ್ಮಿ. ಸತ್ತುಹೋದಳು. ಅದಕ್ಕೇ ನಾನು ನೆನಪಾಗಿದ್ದು.

ನನ್ನ ಮೊದಲ ಗಂಡ ಪ್ಲೇಗಿನಲ್ಲಿ ಹೋದ. ಆಗ ನಾನಿನ್ನೂ ಹುಡುಗಿ. ಆಮೇಲೆ ಪಿಳ್ಳಪ್ಪ ಒಂದು ಸೀರೆ ಕೊಟ್ಟು ಕರೆದುಕೊಂಡು ಬಂದ. ಇದಕ್ಕೆ ಕೂಡಿಕೆ ಎನ್ನುತ್ತಾರೆ. ಧಾರೆಯಿಲ್ಲ, ವಾಲಗವಿಲ್ಲ, ಕತ್ತಲಲ್ಲಿ ಮುಗಿಸಿಬಿಡುತ್ತಾರೆ. ಹೆಂಡತಿ ಸತ್ತ ಗಂಡಸು ಹಗಲಲ್ಲಿ ಬಾಸಿಂಗ ಕಟ್ಟಿಕೊಂಡು ಮತ್ತೆ ಮದುವೆಯಾಗಬಹುದು. ಹೆಂಗಸಿಗೆ ಮಾತ್ರ ಕತ್ತಲು. ಕೂಡಿಕೆಯಾದವಳು ಮದುವೆ ಚಪ್ಪರದೊಳಗೆ ಕಾಲಿಡಬಾರದು. ಆರತಿ ತಟ್ಟೆ ಮುಟ್ಟಬಾರದು. ಅವಳ ಹೊಟ್ಟೆಯಲ್ಲಿ ಹುಟ್ಟಿದವರನ್ನೂ ಕೂಡಿಕೆ ಸಾಲಿನವರು ಎಂದು ಬೇರೆ ಇಡುತ್ತಾರೆ. ಪಿಳ್ಳಪ್ಪ ಕಂಡವರ ಬಾವಿಯಲ್ಲಿ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಹೊಡೆದು, ನಾನು ಕಂಡವರ ಹೊಲದಲ್ಲಿ ಗೊಬ್ಬರ ಹೊತ್ತು ಗಂಗಿಯನ್ನು ಸಾಕಿದೆವು. ನಮ್ಮ ಬಾಳಿನಲ್ಲಿ ಕದ್ದದ್ದಿಲ್ಲ, ಕೆಟ್ಟದ್ದಿಲ್ಲ.

ಅಂಥ ಸಾಲಿನ ಹುಡುಗಿಯನ್ನು ಪಟೇಲ ಯಾಕೆ ಸೊಸೆ ಮಾಡಿಕೊಂಡ? ಅವನ ಮಗ ಅಪ್ಪಯ್ಯಣ್ಣನಿಗೆ ಮೂರ್ಛೆ ಬರುತ್ತಿತ್ತು. ಉಳುವಾಗಲೇ ಬಿದ್ದು ನೊರೆ ಕಾರುತ್ತಿದ್ದ. ನಂದಗುಡಿ ಸುತ್ತಿನಲ್ಲಿ ಒಬ್ಬರೂ ಹೆಣ್ಣು ಕೊಡಲಿಲ್ಲ. ಆಗ ಪಟೇಲನೇ ನಮ್ಮ ಗುಡಿಸಲಿಗೆ ಬಂದ. ನಮ್ಮ ಮಡಕೆಯ ಮಜ್ಜಿಗೆ ಕುಡಿದ. "ಕಾಲ ಬದಲಾಗ್ತಾ ಐತೆ ಪಿಳ್ಳಪ್ಪ, ಕೂಡಿಕೆ ಗೀಡಿಕೆ ಅನ್ನೋದೆಲ್ಲಾ ಹಳೇ ಮಾತು" ಅಂದ. ಮೀಸೆಗೆ ಅಂಟಿದ ಮಜ್ಜಿಗೆ ಒರೆಸಿಕೊಳ್ಳುತ್ತ ಅಂದ. ನಾವು ನಂಬಿದೆವು. ಮಗಳು ಹೊಟ್ಟೆ ತುಂಬ ಉಂಡಾಳು ಎಂಬ ಆಸೆ ಯಾರಿಗಿರುವುದಿಲ್ಲ?

ಗಂಗಿ ಅವನನ್ನು ಮಗುವಿನ ಹಾಗೆ ನೋಡಿಕೊಂಡಳು. ಮೂರ್ಛೆ ಬಂದಾಗ ಅವನು ನಾಲಿಗೆ ಕಚ್ಚಿಕೊಳ್ಳದಿರಲಿ ಎಂದು ತನ್ನ ಕೈಯನ್ನೇ ಅವನ ಹಲ್ಲಿಗೆ ಕೊಡುತ್ತಿದ್ದಳು. ಮೊದಲ ಹೆರಿಗೆಗೆ ನಮ್ಮಲ್ಲಿಗೆ ಬಂದಳು. ವರಲಕ್ಷ್ಮಿ ಹುಟ್ಟಿದ್ದು ನಮ್ಮ ಗುಡಿಸಲಿನಲ್ಲಿ, ನೇರ ನನ್ನ ಈ ಎರಡು ಕೈಗೆ. ಎರಡನೆಯ ಹೆರಿಗೆಗೆ ಅವರು ಕಳಿಸಲಿಲ್ಲ. ರಾಗಿ ಕಟಾವು ನಡೆದಿತ್ತು, ಮನೆಯಲ್ಲಿ ಆಳು ಸಾಲದಂತೆ. ತುಂಬಿದ ಬಸುರಿ ಕುಡುಗೋಲು ಹಿಡಿದು ಬಗ್ಗಿದಳು. ಮಗುವೂ ಉಳಿಯಲಿಲ್ಲ, ಅವಳೂ ಉಳಿಯಲಿಲ್ಲ. ನಾನು ಹೋಗುವಷ್ಟರಲ್ಲಿ ಗುಂಡಿ ಮುಚ್ಚಿಯಾಗಿತ್ತು.

ಆಮೇಲೆ ಅಪ್ಪಯ್ಯಣ್ಣನ ಮೂರ್ಛೆ ತಾನಾಗಿ ಕಡಿಮೆಯಾಯಿತು. ಪಟೇಲನ ತೋಟದ ತರಕಾರಿ ಮಿಲಿಟರಿ ಕ್ಯಾಂಪಿಗೆ ಹೋಗತೊಡಗಿತು. ಕೈ ತುಂಬಿತು, ಮನೆಗೆ ಹೆಂಚು ಬಂತು. ಧಾರೆಯ ಸಾಲಿನ ಹುಡುಗಿ ಲಕ್ಷ್ಮೀದೇವಮ್ಮ ಎರಡನೆಯ ಹೆಂಡತಿಯಾಗಿ ಬಂದಳು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಆಗ ಪಟೇಲನಿಗೆ ಹಳೇ ಮಾತೆಲ್ಲ ನೆನಪಾಯಿತು. ಕೂಡಿಕೆಯವಳು ಮನೆಗೆ ಬಂದು ಹೋದರೆ ನಾಳೆ ಹುಡುಗಿಗೆ ಗಂಡು ಸಿಗುವುದಿಲ್ಲ ಎಂದ. ನನ್ನ ಹೆಜ್ಜೆ ಅವರ ಅಂಗಳಕ್ಕೆ ಬೀಳಬಾರದು ಎಂದ.

ನಾನು ಪುರಿ ಉಂಡೆ ಕಟ್ಟಿಕೊಂಡು ಹೋದೆ. ಕೊಟ್ಟಿಗೆಯ ಹತ್ತಿರ ಬಿಸಿಲು ಇಳಿಯುವ ತನಕ ಕೂರಿಸಿದರು. ಕೊನೆಗೆ ಉಂಡೆಯನ್ನು ಎಮ್ಮೆಗೆ ಹಾಕಿದರು. ಮತ್ತೊಮ್ಮೆ ಹೋದೆ, ನಾಯಿ ಬಿಟ್ಟರು. ಸುಗ್ಗಿಯಲ್ಲಿ ಮುಖದ ತುಂಬ ಸೆರಗು ಹೊದ್ದು ಕೂಲಿಯಾಳುಗಳ ಜೊತೆ ಸೇರಿ ಅವರ ಹೊಲಕ್ಕೇ ಹೋದೆ. ನನ್ನ ಮಗಳನ್ನು ಕೊಂದ ಹೊಲದಲ್ಲಿ ಬಗ್ಗಿ ರಾಗಿ ಕೊಯ್ದೆ. ಮಗು ಬದುವಿನ ಮೇಲೆ ಆಡುತ್ತಿತ್ತು. ತಲೆಯಲ್ಲಿ ಸಿಕ್ಕು, ಮೂಗಿನಲ್ಲಿ ಸಿಂಬಳ. ಒರೆಸೋಣ ಎಂದು ಕೈ ಚಾಚಿದೆ ಅಷ್ಟೇ. ಅಪ್ಪಯ್ಯಣ್ಣ ಗುರುತು ಹಿಡಿದುಬಿಟ್ಟ. ಕೊಯ್ದ ತೆನೆ ಅಲ್ಲೇ ಬಿಡಿಸಿ, ಕೂಲಿ ರಾಗಿಯನ್ನೂ ಕೊಡದೆ, ಆಳುಗಳೆಲ್ಲ ನೋಡುತ್ತಿದ್ದಂತೆ ಹೆಗಲು ಹಿಡಿದು ರಸ್ತೆಗೆ ನೂಕಿದ. ನನ್ನ ಮಗಳ ಕೈ ಕಚ್ಚಿ ಬದುಕಿದ ಬಾಯಿಂದ "ಥೂ ಕೂಡಿಕೆ ಮುಂಡೆ" ಎಂದ. ಅವರ ಮನೆ ಹಾಳಾಗ!

ಆ ದಿನವೇ ಕೋರ್ಟಿಗೆ ಹೋಗುವುದು ಎಂದು ತೀರ್ಮಾನ ಮಾಡಿದೆ. ಪಿಳ್ಳಪ್ಪ ಹೆದರಿದ. "ಬಡವನ ಕೋಪ ದವಡೆಗೆ ಮೂಲ ಕಣೇ" ಅಂದ. "ದವಡೇಲಿ ಇನ್ನು ಹಲ್ಲೆಲ್ಲಿ ಉಳಿದವೆ ನಿಂಗೆ?" ಅಂದೆ. ನಕ್ಕ. ನಕ್ಕು ನನ್ನ ಜೊತೆ ಹೊರಟ.

ವಕೀಲ ಕೋದಂಡರಾಮಯ್ಯನವರು ಕೆಟ್ಟವರಲ್ಲ. ಅವರ ಮನೆಯಲ್ಲಿ ಪಿಳ್ಳಪ್ಪ ಸೌದೆ ಸೀಳಿದ, ನಾನು ಹಿತ್ತಲು ಅಗೆದೆ, ಅವರು ನಮ್ಮ ಅರ್ಜಿ ಹಿಡಿದರು.

"ಮಗೂನೇ ಬೇಕು ಅಂತೀಯೋ, ನೋಡೋದಕ್ಕೆ ಬಿಟ್ಟರೆ ಸಾಕು ಅಂತೀಯೋ?" ಎಂದು ಕೇಳಿದರು.

"ನೋಡೋದಷ್ಟೇ ಸ್ವಾಮಿ. ತಿಂಗಳಿಗೊಂದು ಸಲ. ತಲೆ ಬಾಚಿ ಬಂದ್ಬಿಡ್ತೀನಿ."

"ಅಂಥ ಹಕ್ಕು ಯಾವ ಪುಸ್ತಕದಲ್ಲೂ ಇಲ್ಲಮ್ಮ. ಅಪ್ಪ ಬದುಕಿದ್ದಾನಲ್ಲ. ಆದರೂ ಕೇಳಿ ನೋಡೋಣ."

ಇದ್ದಿಲ ಗ್ಯಾಸಿನ ಬಸ್ಸು ಹತ್ತಿ ಬೆಂಗಳೂರಿನ ಕೋರ್ಟಿಗೆ ಹೋದೆವು. ದಿಬ್ಬ ಬಂದಲ್ಲೆಲ್ಲ ಇಳಿದು ಬಸ್ಸನ್ನೇ ನೂಕಿದೆವು. ಕೋರ್ಟಿನಲ್ಲಿ ಪಟೇಲನ ವಕೀಲ ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ, "ನೀನು ಈ ಪಿಳ್ಳಪ್ಪನಿಗೆ ಧಾರೆ ಎರೆದು ಕೊಟ್ಟ ಹೆಂಡತಿಯೋ, ಕೂಡಿಕೆಯೋ?" ಎಂದು ಕೇಳಿದ. ಕೂಡಿಕೆ ಎಂದೆ. ಕೇಳಿಸಲಿಲ್ಲ, ಜೋರಾಗಿ ಹೇಳು ಎಂದ. ಜೋರಾಗಿ ಹೇಳಿದೆ. ಹಿಂದೆ ಕೂತವರು ನಕ್ಕರು. ಮದುವೆ ಚಪ್ಪರದೊಳಗೇ ಬಿಡದವಳನ್ನು ಮಗು ಇರುವ ಮನೆಯೊಳಗೆ ಬಿಡಿ ಎನ್ನುವುದು ಯಾವ ನ್ಯಾಯ ಎಂದು ಅವನು ಜಡ್ಜಿಯನ್ನು ಕೇಳಿದ. ಪಿಳ್ಳಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ನಿಂತಿದ್ದ.

ಜಡ್ಜಿ ಸಾಹೇಬರು ಬೈಯಲಿಲ್ಲ. ತಂದೆ ಬದುಕಿರುವಾಗ ಮಗು ತಂದೆಯದು, ಯಾರನ್ನು ಮನೆಗೆ ಸೇರಿಸಬೇಕು, ಬಾರದು ಎನ್ನುವುದು ಅವನ ಇಷ್ಟ, ತಾಯಿಯ ತಾಯಿಗೆ ಕಾನೂನಿನಲ್ಲಿ ಇಂಥ ಹಕ್ಕಿಲ್ಲ ಎಂದರು.

"ಬುದ್ಧಿ, ಅದರ ಹೊಕ್ಕಳಬಳ್ಳಿ ಕುಯ್ದೋಳು ನಾನು. ಆವತ್ತು ನಿಂಗೆ ಹಕ್ಕೈತಾ ಅಂತ ಯಾರೂ ಕೇಳ್ಲಿಲ್ಲ" ಎಂದೆ. ಜವಾನ ಬಂದು ನನ್ನನ್ನು ಕೆಳಗೆ ಇಳಿಸಿದ.

ಹಕ್ಕಿಲ್ಲ ಎಂದು ಕೋರ್ಟು ಹೇಳಿದ ಮೇಲೆ ಪಟೇಲ ಊರಲ್ಲಿ ಮೀಸೆ ತಿರುವಿಕೊಂಡು ತಿರುಗಿದನಂತೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಅದರ ಮಗಿನ ಮೇಲೆ ಇವಳಿಗೇನು?" ಎಂದನಂತೆ. ನಾನು ರಸ್ತೆಗೆ ಬಂದು ಕಲ್ಲು ಒಡೆಯತೊಡಗಿದೆ. ಒಂದೊಂದು ಕಲ್ಲಿಗೂ ಅವರ ಮನೆಯ ಒಬ್ಬೊಬ್ಬರ ಹೆಸರಿಟ್ಟು ಒಡೆದೆ. ಸುಳ್ಳು ಯಾಕೆ ಹೇಳಲಿ?

ಈಗ ಅದೇ ಪಟೇಲ ಬೆರಳು ಕೇಳುತ್ತಿದ್ದಾನೆ. ಲಕ್ಷ್ಮೀದೇವಮ್ಮನಿಗೆ ಬಸುರು ನಿಲ್ಲುತ್ತಿಲ್ಲವಂತೆ. ಮೊದಲ ಮಗುವಿನ ಬೆರಳು ಬಾಕಿ ಇದೆ, ಅದು ಸಲ್ಲುವ ತನಕ ಈ ಮನೆಯಲ್ಲಿ ಇನ್ನೊಂದು ತೊಟ್ಟಿಲು ತೂಗುವುದಿಲ್ಲ ಎಂದು ಪೂಜಾರಿ ಹೇಳಿದನಂತೆ. ನನ್ನ ಕೈ ನೀರು ಬೇಡ, ನನ್ನ ಕೈ ಉಂಡೆ ಬೇಡ, ಬೆರಳು ಮಾತ್ರ ಬೇಕು!

"ಕೊಡ್ತೀನಿ ಕಣವ್ವ ನರಸಮ್ಮ" ಎಂದೆ. "ತಿಂಗಳಿಗೊಂದು ಸಲ ಮಗೀನ ನೋಡಕ್ಕೆ ಬಿಡ್ಬೇಕು. ಈ ಮಾತ ನಿಮ್ಮಣ್ಣ ಊರಿನ ಪಂಚರ ಎದುರಿಗೆ ಹೇಳ್ಬೇಕು. ಆಮೇಲೆ ಬೆರಳು."

ಅವಳು ಹೋಗಿ ಕೇಳಿಕೊಂಡು ಬಂದಳು. ಆಗಲಿ ಅಂದನಂತೆ.

ಅವತ್ತು ಬೆಳಗ್ಗೆ ಪಿಳ್ಳಪ್ಪ, ನಾನು ನಡೆದುಕೊಂಡು ಪಟೇಲನ ಊರು ಸೇರಿದೆವು. ಅಂಗಳದಲ್ಲಿ ಹಸಿ ಚಪ್ಪರ, ಅದರ ಕೆಳಗೆ ಸಿಂಗಾರ ಮಾಡಿದ ದೇವರ ಬಂಡಿ. ನೆಂಟರೆಲ್ಲ ಬಂದಿದ್ದರು. ಪಂಚರು ಜಮಖಾನದ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನಮ್ಮನ್ನು ಹಿಂದಿನ ದಾರಿಯಿಂದ ಕೊಟ್ಟಿಗೆಗೆ ಕರೆದುಕೊಂಡು ಹೋದರು. ನರಸಮ್ಮ ದೂರದಿಂದಲೇ ನನ್ನ ತಲೆಯ ಮೇಲೆ ತಣ್ಣೀರು ಸುರಿದಳು. ಸಗಣಿಯ ನೆಲದಲ್ಲಿ ನಿಂತು ಒದ್ದೆ ಸೀರೆಯಲ್ಲೇ ನಡುಗಿದೆ.

"ಒಂದು ಮಾತು ಮಾರಕ್ಕ" ಎಂದು ಅವಳು ಪಿಸುಗುಟ್ಟಿದಳು. "ಮಗೀನ ಮಾತಾಡಿಸ್ಬೇಡ. ನೀನು ಸತ್ತೋದೆ ಅಂತ ಅದಕ್ಕೆ ಹೇಳವ್ರೆ. ಶಾಸ್ತ್ರಕ್ಕೆ ಕರೆಸಿರೋ ಯಾರೋ ಮುದುಕಿ ಅಂದ್ಕೊಂಡಿರ್ಲಿ."

ಪಿಳ್ಳಪ್ಪ ಗೊಂತು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟ. ಬದುಕಿದ್ದವರನ್ನು ಹೂತುಬಿಟ್ಟಿದ್ದರು, ಪಾಪಿಗಳು.

ಬಂಡಿಯ ಮುಂದೆ ಮಣೆಯ ಹತ್ತಿರ ನನ್ನನ್ನು ಕೂರಿಸಿದರು. ಎದುರಿಗೆ ಅಪ್ಪಯ್ಯಣ್ಣನ ತೊಡೆಯ ಮೇಲೆ ವರಲಕ್ಷ್ಮಿ. ಹೊಸ ಲಂಗ, ಹಣೆಗೆ ದೊಡ್ಡ ಕುಂಕುಮ. ಗಂಗಿಯದೇ ಕಣ್ಣು, ಗಂಗಿಯದೇ ಮೊಂಡು ಮೂಗು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನನ್ನನ್ನು ನೋಡಿತು. ಯಾರೋ ಮುದುಕಿ ಎಂದು ನೋಡಿ ಮುಖ ಆಚೆ ಮಾಡಿತು.

ಆಚಾರಿ ತಂತಿ ತೆಗೆದ. "ಕೈ ಚಾಚವ್ವ" ಎಂದ ಪೂಜಾರಿ.

ನಾನು ಪಟೇಲನನ್ನು ನೋಡಿದೆ. "ಬೀಗ್ರೆ, ಮೊದಲು ಆ ಮಾತು ಹೇಳಿ" ಎಂದೆ.

ಪಟೇಲನ ಮುಖ ಕೆಂಪಾಯಿತು. "ಯಾರೇ ನಿನ್ನ ಬೀಗ? ಯಾವ ಮಾತು?"

"ತಿಂಗಳಿಗೊಂದು ಸಲ ಮಗೀನ ನೋಡಕ್ಕೆ ಬಿಡ್ತೀನಿ ಅಂದ್ರಲ್ಲ, ಆ ಮಾತು. ಪಂಚರವ್ರೆ, ಕೇಳಿ ನೀವೂ."

ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನರಸಮ್ಮ ತಲೆ ಬಗ್ಗಿಸಿದಳು. ಪಟೇಲ ನಕ್ಕ. "ಹಕ್ಕಿಲ್ಲ ಅಂತ ಕೋರ್ಟೇ ಬರೆದು ಕೊಟ್ಟೈತೆ. ಕೋರ್ಟಿಗಿಂತ ದೊಡ್ಡೋಳಾ ನೀನು? ಒಂದು ಸೀರೆ ಕೊಡ್ತೀವಿ, ಉಟ್ಕೊಂಡು ಹೋಗು. ಚಾಚು ಕೈ."

ಕೈ ಚಾಚಲಿಲ್ಲ. ಮುಷ್ಟಿ ಕಟ್ಟಿದೆ.

ಕಿವಿ ಚುಚ್ಚದ ಹುಡುಗಿಯನ್ನು ನಾಳೆ ಯಾರೂ ಸೊಸೆ ಮಾಡಿಕೊಳ್ಳುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ ಅಂದುಕೊಂಡಿರಾ? ಚೆನ್ನಾಗಿ ಗೊತ್ತಿತ್ತು. ನನ್ನ ಸಿಟ್ಟು ಆ ಕೂಸಿಗೂ ತಟ್ಟುತ್ತದೆ ಎಂಬುದೂ ಗೊತ್ತಿತ್ತು. ಆದರೆ ಈ ಮುಷ್ಟಿ ಬಿಚ್ಚಿದರೆ ನಾನು ಅದರ ಪಾಲಿಗೆ ಸತ್ತವಳಾಗಿಯೇ ಉಳಿಯುತ್ತೇನೆ. ಅದು ಆಗದು.

"ಬಿಡಿಸ್ಲಾ ಅದನ್ನ" ಎಂದು ಪಟೇಲ ಮಗನಿಗೆ ಹೇಳಿದ. ಅಪ್ಪಯ್ಯಣ್ಣ ಮಗುವನ್ನು ಕೆಳಗಿಳಿಸಿ ಬಂದು ನನ್ನ ಮಣಿಕಟ್ಟು ಹಿಡಿದ. ಇನ್ನೊಬ್ಬ ನೆಂಟ ಬಂದು ಹೆಗಲು ಒತ್ತಿದ. ಪಿಳ್ಳಪ್ಪ ಕೊಟ್ಟಿಗೆಯಿಂದ ಓಡಿ ಬಂದ. "ಬಿಡ್ರೋ ಅವಳ್ನ, ಬಿಡ್ರಪ್ಪಾ" ಎಂದು ನಡುವೆ ನುಗ್ಗಿದ. ಅವನನ್ನು ಎದೆಗೆ ಒದ್ದು ಕೆಡವಿದರು. ನಾನು ಮುಷ್ಟಿ ಬಿಡಲಿಲ್ಲ. ಸುತ್ತಿಗೆ ಹಿಡಿದ ಕೈ ಅದು, ಸುಮ್ಮನೆ ಬಿಚ್ಚುತ್ತದೆಯೇ? ಅಪ್ಪಯ್ಯಣ್ಣ ಕಿರುಬೆರಳಿನ ಸಂದಿಗೆ ತನ್ನ ಹೆಬ್ಬೆರಳು ತೂರಿಸಿ ಹಿಂದಕ್ಕೆ ಎತ್ತಿದ. ಲಟಕ್ ಎಂದಿತು. ಕಣ್ಣು ಕತ್ತಲಿಟ್ಟಿತು. ಕಿರುಚಿದೆ. ಆ ಕ್ಷಣಕ್ಕೆ ಮುಷ್ಟಿ ಸಡಿಲವಾಯಿತು.

ಬೇಗ ಬೇಗ ತಂತಿ ಸುತ್ತಿದರು. ಮುರಿದ ಬೆರಳಿಗೇ ಸುತ್ತಿದರು. ಆಚಾರಿ ಉಳಿ ಮುಟ್ಟಿಸಿದ. ತಂತಿ ಎಳೆದುಕೊಂಡ.

ಪೂಜಾರಿ ನನ್ನ ಮುಖ ನೋಡದೆ ಕೇಳಿದ. "ಕೊಟ್ಟೆಯೇನವ್ವಾ?"

"ಕೊಡಲಿಲ್ಲ" ಎಂದೆ.

"ಹಂಗಂದ್ರೆ ಹೆಂಗವ್ವಾ? ಕೊಟ್ಟೆ ಅನ್ನು."

"ಕೊಡ್ಲಿಲ್ಲ. ಕಿತ್ಕೊಂಡ್ರು. ಬೆರಳು ಮುರಿದ್ರು. ದೇವ್ರು ಇಲ್ಲೇ ಕೂತವ್ನೆ, ನೋಡವ್ನೆ. ನಾನು ಕೊಡ್ಲಿಲ್ಲ."

ಪಟೇಲ ಬಂದು ಕೆನ್ನೆಗೆ ಹೊಡೆದ. "ಅನ್ನೇ ಕೊಟ್ಟೆ ಅಂತ!" ಬಾಯಲ್ಲಿ ರಕ್ತ ಬಂತು. ಕೊಡಲಿಲ್ಲ ಎಂದೆ. ಮತ್ತೆ ಹೊಡೆದ. ಕೊಡಲಿಲ್ಲ ಎಂದೆ. ಕೊನೆಗೆ ಪೂಜಾರಿಯೇ ಅಡ್ಡ ಬಂದು, "ಸಾಕು ಬಿಡಿ ಪಟೇಲ್ರೆ, ಬಾಯಿಂದ ಬರ್ದಿದ್ರೆ ಸಲ್ಲಲ್ಲ" ಎಂದು ಆರತಿ ತಟ್ಟೆಯನ್ನು ಕೆಳಗಿಟ್ಟ. ಕಿವಿ ಚುಚ್ಚಲು ಸೂಜಿ ಹಿಡಿದು ಕಾದಿದ್ದವನು ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡ. ಲಕ್ಷ್ಮೀದೇವಮ್ಮ ಬಾಗಿಲಲ್ಲಿ ನಿಂತು ಜೋರಾಗಿ ಅತ್ತಳು. ಅವಳ ಸಂಕಟ ಕಂಡು ನನಗೂ ಸಂಕಟವಾಯಿತು. ಆದರೆ ಅದನ್ನು ತಂದವಳು ನಾನಲ್ಲ.

ಇವರೆಲ್ಲ ಕೂಗಾಡುತ್ತಿದ್ದಾಗ ವರಲಕ್ಷ್ಮಿ ಮೆಲ್ಲಗೆ ನನ್ನ ಹತ್ತಿರ ಬಂದು ನಿಂತಿತು. ಊದಿಕೊಳ್ಳುತ್ತಿದ್ದ ಬೆರಳನ್ನು ನೋಡಿತು.

"ನೋಯ್ತದಾ?" ಎಂದು ಕೇಳಿತು.

"ನೋಯ್ತದೆ ಕಣವ್ವ. ತುಂಬಾ ನೋಯ್ತದೆ."

"ನೀನು ಯಾರು?"

"ನಿಮ್ಮವ್ವನ ಅವ್ವ ಕಣೇ ಚಿನ್ನ. ನಿನ್ನ ಅಜ್ಜಿ. ಮಾರಕ್ಕ."

ಅದು ಹುಬ್ಬು ಗಂಟಿಕ್ಕಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. "ಅಜ್ಜಿ ಸತ್ತೋಯ್ತಲ್ಲ?"

"ಇಲ್ಲ ಕಣೇ. ಮುಟ್ಟಿ ನೋಡು."

ಮುಟ್ಟಿತು. ಮುರಿಯದ ಕೈಯನ್ನು ಹುಡುಕಿ ಹಿಡಿದು, ಅಂಗೈಯ ಗಟ್ಟಿ ಚರ್ಮದ ಮೇಲೆ ಬೆರಳು ಆಡಿಸಿತು. ಅಷ್ಟರಲ್ಲಿ ಅಪ್ಪಯ್ಯಣ್ಣ ನೋಡಿಬಿಟ್ಟ. ಮಗುವನ್ನು ರಟ್ಟೆ ಹಿಡಿದು ಎತ್ತಿಕೊಂಡು ಒಳಗೆ ಓಡಿದ. ಬಾಗಿಲು ಹಾಕಿಕೊಂಡ. ನಮ್ಮನ್ನು ಇಬ್ಬರು ಆಳುಗಳು ಅಂಗಳದಿಂದ ಎಳೆದು ಬೀದಿಗೆ ಬಿಟ್ಟರು. ಪಿಳ್ಳಪ್ಪ ಕೆಮ್ಮುತ್ತ ಎದ್ದು ನನ್ನ ಹೆಗಲಿಗೆ ಆಸರೆಯಾದ. ನೆಂಟರು ಊಟವಿಲ್ಲದೆ ಗುಂಪು ಗುಂಪಾಗಿ ಬೀದಿಗೆ ಬಂದು ನಿಂತಿದ್ದರು. ಊರಿನ ಹೆಂಗಸರು ಜಗಲಿಗಳ ಮೇಲೆ ಬಂದಿದ್ದರು.

ಆಗ ಪಟೇಲನ ಮನೆಯ ಒಳಗಿನಿಂದ ಮಗುವಿನ ದನಿ ಕೇಳಿಸಿತು.

"ಅಜ್ಜಿ ಸತ್ತಿಲ್ಲ! ನಾನು ಮುಟ್ಟಿದೀನಿ! ಅಜ್ಜಿ ಸತ್ತಿಲ್ಲ!"

ಹೆಂಚು ಹಾರುವ ಹಾಗೆ ಕೂಗುತ್ತಿತ್ತು. ಛಟೀರೆಂದು ಒಂದು ಏಟಿನ ಸದ್ದು ಬಂತು. ಆದರೂ ಕೂಗಿತು. ಆಮೇಲೆ ಯಾರೋ ಅದರ ಬಾಯಿ ಮುಚ್ಚಿದರು. ಅಷ್ಟರಲ್ಲಿ ಊರಿಗೆಲ್ಲ ಕೇಳಿಸಿಯಾಗಿತ್ತು.